ದಾಕ್ಷಾಯಣಮ್ಮ ಹುಟ್ಟಿದ ದಿನ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹೊಳೆಯ ಕಡೆಯಿಂದ ಬಂದ ಮಂಜು ಹೊಳೆನರಸೀಪುರದ ಬಸ್ ನಿಲ್ದಾಣದ ಮುಂದೆ ಇರಲೋ ಹೋಗಲೋ ಎಂದು ಅನುಮಾನಿಸುತ್ತ ನಿಂತಿದೆ. ಹಾಸನದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಊಟದ ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸಿಗೆ ಕಾಯುತ್ತಿದ್ದಾರೆ. ಅವರ ನಡುವೆ ಯಾವ ಬಸ್ಸೂ ಬೇಕಾಗಿಲ್ಲದ ಒಬ್ಬಾಕೆ ಇದ್ದಾರೆ. ಹೆಗಲಿಗೆ ಬಟ್ಟೆಯ ಚೀಲ, ಕೊರಳಿಗೆ ದಾರದಲ್ಲಿ ಕಟ್ಟಿದ ಪೆನ್ನು, ಕಂಕುಳಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದದ ಕಟ್ಟು. ಇವರು ದಾಕ್ಷಾಯಣಮ್ಮ, ಪುರಸಭೆಯ ಜನನ-ಮರಣ ವಿಭಾಗದ ಅಟೆಂಡರ್. ಇವರನ್ನು ಕಂಡದ್ದೇ ತಡ, ಶೋಭಿತಾ ಎಂಬ ಹೆಣ್ಣುಮಗಳು ಮುಂದೆ ನಿಂತವಳ ಬೆನ್ನಿನ ಮರೆಗೆ ಸರಿಯುತ್ತಾಳೆ.

"ಕಂಡೆ ಕಣವ್ವ, ಈಚೆಗ್ ಬಾ. ಮಗೀಗೆ ಹೆಸ್ರಿಕ್ಕಿದ್ರಾ ಇಲ್ವಾ?"

"ಇಕ್ಕಿದೀವಿ ಅಮ್ಮಾ. ನಮ್ಮತ್ತೆ ಒಂದ್ ಹೇಳ್ತಾರೆ, ಇವ್ರು ಒಂದ್ ಹೇಳ್ತಾರೆ..."

"ನೀನೇನಂತ ಕರೀತೀಯಾ?"

"ಪಾಪು ಅಂತ."

"ಎಲ್ಡ್ ವರ್ಸದಿಂದ ಪಾಪುನೇಯ. ನಾಳೆ ಎಸ್ಸೆಲ್ಸಿ ಪರೀಕ್ಷೆ ಬರ್ಯಾಕೂ ಪಾಪುನೇ ಓಗ್ತಾಳಾ?"

ಹೆಂಗಸರು ನಗುತ್ತಾರೆ. "ಒಪ್ಕೊಂಡ್ಬುಡೇ ಶೋಭಿ. ಎಲ್ಲೈಸಿ ಏಜೆಂಟಾದ್ರೂ ಬುಡ್ತಾನೆ, ಈಯಮ್ಮ ಬುಡಕಿಲ್ಲ" ಎಂದು ಒಬ್ಬಳು ಕುಟುಕುತ್ತಾಳೆ. ಬಸ್ಸಿನ ದೀಪ ತಿರುವಿನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಶೋಭಿತಾ ನೆಲ ನೋಡುತ್ತ "ಮಾನ್ಯ" ಎನ್ನುತ್ತಾಳೆ. ಒಮ್ಮೆ ಹೇಳಿದರೆ ದಾಕ್ಷಾಯಣಮ್ಮ ಬರೆದುಕೊಳ್ಳುವುದಿಲ್ಲ. "ಮೂರ್ ಸಲ ಹೇಳು." ಮಾನ್ಯ, ಮಾನ್ಯ, ಮಾನ್ಯ. ಮೂರನೆಯ ಸಲಕ್ಕೆ ತಾಯಿಯ ದನಿ ಬೇರೆಯಾಗುತ್ತದೆ; ಕೂಸಿನ ಕಿವಿಯಲ್ಲಿ ಹೇಳಿದ ಹಾಗೆ. ಕೊರಳಿನ ಪೆನ್ನು ಕೆಳಗಿಳಿದು ಹೆಸರು ಕಾಗದಕ್ಕೆ ಬೀಳುತ್ತದೆ. ಶೋಭಿತಾ ಸಹಿ ಹಾಕುತ್ತಾಳೆ. ಗಂಡನ ಸಹಿಗೆ ಸಂಜೆ ಮನೆಗೇ ಬರುವುದಾಗಿ ಹೇಳಿ ದಾಕ್ಷಾಯಣಮ್ಮ ಬಸ್ಸಿಗೆ ದಾರಿ ಬಿಡುತ್ತಾರೆ.

ಮಗು ಹುಟ್ಟಿದ ಸುದ್ದಿ ಆಸ್ಪತ್ರೆಯಿಂದ ಪುರಸಭೆಗೆ ತಾನಾಗಿ ಬರುತ್ತದೆ. ಹೆಸರು ಮಾತ್ರ ಬರುವುದಿಲ್ಲ, ಏಕೆಂದರೆ ಹೆಸರು ಇನ್ನೂ ಹುಟ್ಟಿರುವುದಿಲ್ಲ. ಜೋಯಿಸರು ಅಕ್ಷರ ಹೇಳಬೇಕು, ಸೋದರಮಾವ ಬರಬೇಕು, ಮೂರು ತಿಂಗಳೋ ಐದು ತಿಂಗಳೋ ತುಂಬಬೇಕು, ಅತ್ತೆಯ ಮುನಿಸು ಇಳಿಯಬೇಕು. ಅಷ್ಟರಲ್ಲಿ ಬಾಣಂತಿ ಅರಕಲಗೂಡಿನ ತವರಿನಲ್ಲಿರುತ್ತಾಳೆ, ಪುರಸಭೆ ಯಾರಿಗೂ ನೆನಪಿರುವುದಿಲ್ಲ. ರಿಜಿಸ್ಟರಿನಲ್ಲಿ ಹುಟ್ಟಿದ ದಿನವಿದೆ, ಗಂಡೋ ಹೆಣ್ಣೋ ಎಂಬುದಿದೆ, ತಂದೆತಾಯಿಯ ಹೆಸರಿದೆ. ಮಗುವಿನ ಹೆಸರಿನ ಖಾನೆ ಖಾಲಿ. ಹದಿನೈದು ವರ್ಷದೊಳಗೆ ಬಂದು ತುಂಬಿಸಬಹುದು ಎನ್ನುತ್ತದೆ ಕಾನೂನು. ಹದಿನೈದು ವರ್ಷವಿದೆ ಎಂದು ಗೊತ್ತಾದ ಮೇಲೆ ಈ ಜಿಲ್ಲೆಯಲ್ಲಿ ಯಾರೂ ಹದಿನಾಲ್ಕನೆಯ ವರ್ಷದಲ್ಲೂ ಬರುವುದಿಲ್ಲ.

ಮನೆಮನೆಗೆ ಹೋಗಿ ಹೆಸರು ಕೇಳುವುದು ದಾಕ್ಷಾಯಣಮ್ಮನವರ ಕೆಲಸವಲ್ಲ. ಅವರ ಕೆಲಸ ಬಾಗಿಲು ತೆಗೆಯುವುದು, ಕಡತ ಒಯ್ಯುವುದು, ಕುಡಿಯುವ ನೀರು ತುಂಬಿಸುವುದು, ಗಂಟೆ ಒತ್ತಿದಾಗ ಬರುವುದು. ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗಿನದು ಅವರ ಸ್ವಂತದ್ದು. ದಿನಕ್ಕೆ ಹನ್ನೆರಡು ಮನೆ ಸುತ್ತಿದರೆ ಐದರಲ್ಲಿ ಜನ ಸಿಗುತ್ತಾರೆ, ಎರಡರಲ್ಲಿ ಹೆಸರು ಸಿಗುತ್ತದೆ. ಹೀಗೆ ಸಿಕ್ಕ ಹೆಸರುಗಳ ಲೆಕ್ಕವನ್ನು ಅವರು ಶಾಲೆಯ ನೋಟ್‌ಬುಕ್ಕುಗಳಲ್ಲಿ ಇಟ್ಟಿದ್ದಾರೆ. ಕಚೇರಿ ಅದನ್ನು ಕೇಳಿಲ್ಲ. ಮೊನ್ನೆಯವರೆಗೆ ಒಂಬತ್ತು ಸಾವಿರದ ಆರುನೂರ ನಲವತ್ತು. ಬಾಕಿ ಉಳಿದಿರುವುದು ಇನ್ನೂರ ಹದಿಮೂರು.

ಆ ನೋಟ್‌ಬುಕ್ಕುಗಳಲ್ಲಿ ಮೊದಲ ಹೆಸರು ಸ್ಪಂದನಾ. ದಾಕ್ಷಾಯಣಮ್ಮನವರ ಗಂಡ ಈಶ್ವರಯ್ಯ ಇದೇ ಪುರಸಭೆಯಲ್ಲಿ ಬೀದಿದೀಪದ ಕೆಲಸದಲ್ಲಿದ್ದವರು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಕಂಬದ ಮೇಲೆ ಕರೆಂಟು ಹೊಡೆದು ತೀರಿಕೊಂಡರು. ಅನುಕಂಪದ ನೌಕರಿ ಎಂದು ಹೆಂಡತಿಗೆ ಅಟೆಂಡರ್ ಕೆಲಸ ಬಂತು. ಮೊದಲ ವಾರ ಧೂಳು ಹೊಡೆಯುತ್ತ ಜನನದ ರಿಜಿಸ್ಟರ್ ತೆರೆದವರು ತಮ್ಮ ಮಗಳ ಪುಟ ಹುಡುಕಿದರು. ಹೆಸರಿನ ಖಾನೆ ಖಾಲಿ.

"ಮೂರ್ ವರ್ಸ ಅದೇ ಮೆಟ್ಲು ಅತ್ತಿ ಇಳ್ದವ್ರೆ ನಮ್ಮನೆಯವ್ರು. ಬರಸ್ತೀನಿ ಬರಸ್ತೀನಿ ಅಂತಿದ್ರು. ನಮ್ಮಾಫೀಸೇ ಅಲ್ವಾ, ಎಲ್ಲೋಯ್ತದೆ ಅಂತ" ಎಂದು ಅವರು ನಗುತ್ತಾರೆ. ನಗು ಅರ್ಧಕ್ಕೆ ನಿಲ್ಲುತ್ತದೆ. "ಆವತ್ತು ನಾನೇ ಬರಸ್ದೆ. ಪಕ್ಕದ್ ಖಾನೆ ನೋಡುದ್ರೆ ಅದೂ ಖಾಲಿ. ಅದ್ರ ಪಕ್ಕದ್ದೂ ಖಾಲಿ. ಅಂಗೇ ಇಡ್ಕಂಡ್ಬುಟ್ತು."

ಮೂರು ಸಲ ಹೇಳಿಸುವ ನಿಯಮ ಮಾತ್ರ ಆಮೇಲಿನದು, ಅದಕ್ಕೆ ಕಾರಣ ಒಂದು ತಪ್ಪು. ಒಂಬತ್ತು ವರ್ಷದ ಹಿಂದೆ ಒಂದು ಮನೆಯಲ್ಲಿ ತಾಯಿ ಸಿಗಲಿಲ್ಲ, ಅಜ್ಜಿ ಸಿಕ್ಕರು. ತೀರಿಹೋದ ಯಜಮಾನರ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದೇವೆ, ಚನ್ನಪ್ಪ ಅಂತ ಬರೆದುಕೊ ಎಂದರು. ಮಗ ಅಮ್ಮನ ಮಾತಿಗೆ ಸಹಿ ಹಾಕಿದ. ದಾಕ್ಷಾಯಣಮ್ಮ ಬರೆದುಕೊಂಡು ಬಂದರು. ವಾರದೊಳಗೆ ಸೊಸೆ ಕಚೇರಿಗೆ ಬಂದು ಅತ್ತಳು: ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ, ಇನ್ನು ಹೆತ್ತ ಮಗನನ್ನು ಆಕೆ ಏನೆಂದು ಕರೆಯಬೇಕು? ಪ್ರಮಾಣಪತ್ರ ಅಷ್ಟರಲ್ಲಿ ಮುದ್ರೆ ಬಿದ್ದು ಹೊರಟುಹೋಗಿತ್ತು. ಆ ಹುಡುಗ ಈಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ಶಾಲೆಯಲ್ಲಿ ಚನ್ನಪ್ಪ, ಮನೆಯಲ್ಲಿ "ಏ ಇವ್ನೇ".

"ನನ್ ಕೈಯಿಂದ ಆದ ತಪ್ಪು ಅದು. ಎತ್ತವ್ವನ ಬಾಯಿಂದ್ಲೇ ಮೂರ್ ಸಲ ಬರ್ಬೇಕು. ನಾನ್ ಯಾರ್ಗೂ ಆರಸ್ಕೊಡಾಕಿಲ್ಲ, ಊಹೆ ಮಾಡಿ ಬರಿಯಾಕಿಲ್ಲ" ಎನ್ನುತ್ತಾರೆ.

ಇಷ್ಟು ಜನರ ಖಾನೆ ತುಂಬಿಸಿದ ಈ ಹೆಂಗಸಿಗೆ ತಾನು ಹುಟ್ಟಿದ ದಿನ ಯಾವುದೆಂದು ಗೊತ್ತಿಲ್ಲ. ಸರ್ಕಾರಿ ಕಾಗದದಲ್ಲಿ 1-6-1966 ಎಂದಿದೆ. ಆ ಕಾಲದಲ್ಲಿ ಶಾಲೆಗೆ ಸೇರಿಸಲು ಬಂದ ಮಗುವಿನ ಎತ್ತರ ನೋಡಿ, ಬಲಗೈ ತಲೆಯ ಮೇಲಿಂದ ಎಡಕಿವಿಗೆ ಎಟುಕಿದರೆ, ಮೇಷ್ಟರು ಒಂದು ವರ್ಷ ಆರಿಸಿ ಅದಕ್ಕೆ ಜೂನ್ ಒಂದನ್ನು ಅಂಟಿಸುತ್ತಿದ್ದರು. ಅದರಿಂದಾಗಿ ಒಂದು ತಲೆಮಾರಿನ ಅರ್ಧ ನೌಕರರು ಜೂನ್ ಒಂದರಂದೇ ಹುಟ್ಟಿ ಮೇ ಮೂವತ್ತೊಂದರಂದೇ ನಿವೃತ್ತರಾಗುತ್ತಾರೆ. ಆ ಒಂದು ದಿನ ಊರಿನ ಹೂವಿನವರಿಗೆ ಹಬ್ಬ. ಬರುವ ಮೇ ಮೂವತ್ತೊಂದಕ್ಕೆ ದಾಕ್ಷಾಯಣಮ್ಮನವರ ಸರದಿ. ಚನ್ನರಾಯಪಟ್ಟಣದಲ್ಲಿ ಶಿಕ್ಷಕಿಯಾಗಿರುವ ಮಗಳು ಸ್ಪಂದನಾ ಪ್ರತಿ ಜೂನ್ ಒಂದಕ್ಕೆ ಮರೆಯದೆ ಫೋನ್ ಮಾಡುತ್ತಾಳೆ. ಬ್ಯಾಂಕಿನವರೂ ಮೆಸೇಜ್ ಕಳಿಸುತ್ತಾರೆ. ತಾಯಿ ಇಬ್ಬರಿಗೂ ಥ್ಯಾಂಕ್ಸ್ ಹೇಳುತ್ತಾರೆ, ಬೇರೆಯವರ ಕಾಗದ ತಮ್ಮ ಮನೆಗೆ ಬಂದಾಗ ಹೇಳುವ ಹಾಗೆ.

ಅವರ ಬಳಿ ಇರುವುದು ಒಂದೇ ಸುಳಿವು. ಹಳ್ಳಿಮೈಸೂರಿನಲ್ಲಿ ತಮ್ಮ ರುದ್ರೇಶನ ಮನೆಯಲ್ಲಿರುವ ತಾಯಿ ನೀಲಾಂಬಿಕೆಗೆ ಎಂಬತ್ತನಾಲ್ಕು. ಕಿವಿ ಮಂದ, ನೆನಪು ಆಯ್ದದ್ದಕ್ಕೆ ಮಾತ್ರ ಚುರುಕು. "ರಾಗಿ ಬಡೀತಿದ್ವಿ ಕಣವ್ವ. ವಟ್ಟೆನೋವು ಅಂತ ಕಣದಿಂದ ಎದ್ ಬಂದೆ. ನೀ ಉಟ್ಕಂಡೆ. ಮೂರ್ನೇ ದಿನ ನಿಮ್ಮಪ್ಪ ಗುಡ್ಡೆ ತೂರ್ದ" ಎಂಬುದು ಆಕೆಯ ಇಡೀ ಹೇಳಿಕೆ. ರಾಗಿ ಬಡಿಯುತ್ತಿದ್ದರೆ ಅದು ಜೂನ್ ಅಲ್ಲವೇ ಅಲ್ಲ. ಸಂಕ್ರಾಂತಿಗೆ ಮುಂಚೆಯೋ ಆಮೇಲೋ ಎಂದರೆ ಮುಂಚೆ ಎನ್ನುತ್ತಾರೆ. ವಾರ ಯಾವುದು ಎಂದರೆ, "ಕಣದಾಗೆ ವಾರ ಯಾರ್ ನೋಡ್ತಾರೆ, ಮೋಡ ನೋಡ್ತಾರೆ."

ನಿವೃತ್ತಿಗೆ ಒಂದು ವರ್ಷವಿದೆ ಎಂದಾಗ ದಾಕ್ಷಾಯಣಮ್ಮ ಹುಡುಕಲು ಹೊರಟರು. ಹಳ್ಳಿಗಳ ಹಳೆಯ ಜನನದ ಪುಸ್ತಕಗಳು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕೆಂಪು ಬಟ್ಟೆಯ ಗಂಟಿನಲ್ಲಿವೆ. ಅರ್ಜಿ ಕೊಟ್ಟು ಒಪ್ಪಿಗೆ ಪಡೆದರು. ಕೋಣೆ ನೋಡಿಕೊಳ್ಳುವ ಚಿಕ್ಕಯ್ಯನವರು ಅವರಿಗಿಂತ ಎರಡು ವರ್ಷ ಚಿಕ್ಕವರು, ಅವರೂ ಜೂನ್ ಒಂದರವರೇ. ಊಟದ ಬಿಡುವಿನಲ್ಲಿ ಇಬ್ಬರೂ ಗಂಟು ಬಿಚ್ಚುತ್ತಿದ್ದರು.

"ಏನಕ್ಕೋ, ಈ ವಯಸ್ನಾಗೆ ಜಾತ್ಕ ಬರಸ್ಬೇಕಾ? ಗಂಡೇನಾದ್ರೂ ನೋಡಿದೀರಾ?" ಎಂದು ಚಿಕ್ಕಯ್ಯ ರೇಗಿಸಿದರೆ, "ನಿನ್ ಬಾಯಿಗಿಷ್ಟು ಬೂದಿ ಆಕ. ಪುಟ ತಿರ್ಗಿಸು" ಎಂದು ಇವರು.

ಏಳು ತಿಂಗಳು ಹಿಡಿಯಿತು. ಈ ಫೆಬ್ರವರಿಯ ಒಂದು ಮಧ್ಯಾಹ್ನ ಚಿಕ್ಕಯ್ಯ ಪುರಸಭೆಯ ಬಾಗಿಲಿಗೇ ಓಡಿಬಂದರು. "ಸಿಕ್ತು ಕಣಕ್ಕೋ!" ದಾಕ್ಷಾಯಣಮ್ಮ ಕೈಯಲ್ಲಿದ್ದ ನೀರಿನ ಬಿಂದಿಗೆಯನ್ನು ಇದ್ದಲ್ಲೇ ಇಟ್ಟರು. ಚಿಕ್ಕಯ್ಯ ಉಸಿರು ತೆಗೆದುಕೊಂಡು ಮುಂದುವರಿಸಿದರು: "ಒಂದಲ್ಲ. ಎಲ್ಡ್ ಸಿಕ್ತು."

ಹಳ್ಳಿಮೈಸೂರು, 1965ರ ಡಿಸೆಂಬರ್. ಆರನೆಯ ತಾರೀಖು: ಹೆಣ್ಣು, ತಂದೆ ರುದ್ರಯ್ಯ. ಇಪ್ಪತ್ತೆಂಟನೆಯ ತಾರೀಖು: ಹೆಣ್ಣು, ತಂದೆ ರುದ್ರಯ್ಯ. ದಾಕ್ಷಾಯಣಮ್ಮನವರ ಅಪ್ಪನ ಹೆಸರು ಅದೇ. ಆ ಪುಸ್ತಕದಲ್ಲಿ ತಾಯಿಯ ಹೆಸರಿಗೆ ಜಾಗವಿಲ್ಲ. ಮಗುವಿನ ಹೆಸರಿಗೆ ಜಾಗವಿದೆ. ಎರಡೂ ಖಾಲಿ.

ದಾಕ್ಷಾಯಣಮ್ಮ ಎರಡೂ ಸಾಲುಗಳ ಮೇಲೆ ಬೆರಳಾಡಿಸಿ ನೋಡಿದರಂತೆ. ಸಮಾಧಾನ ಹೇಳುವುದು ಚಿಕ್ಕಯ್ಯನವರಿಗೆ ಬರುವುದಿಲ್ಲ, ಬಂದಷ್ಟು ಹೇಳಿದರು. "ಒಂದ್ ಇಟ್ಕಳಿ ಅಕ್ಕ. ಆರು ಚೆನ್ನಾಗದೆ. ಯಾರ್ ಬಂದ್ ಕೇಳ್ತಾರೆ?"

"ನಾನ್ ಕೇಳ್ತೀನಲ್ಲಪ್ಪ" ಎಂದು ದಾಕ್ಷಾಯಣಮ್ಮ ಪುಸ್ತಕ ಮುಚ್ಚಿದರು.

ವಿಭಾಗದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮೇಘಶ್ರೀಗೆ ಇದು ಅರ್ಥವಾಗುವುದಿಲ್ಲ. ಪಿಂಚಣಿ ಕಾಗದ ಆಗಲೇ ಜೂನ್ ಒಂದೆಂದು ಹೋಗಿದೆ. "ಗೊತ್ತಾದ್ರೂ ಏನೂ ಚೇಂಜ್ ಮಾಡಕ್ಕಾಗಲ್ಲ ಆಂಟಿ. ಯಾಕ್ ಸುಮ್ನೆ ತಲೆ ಕೆಡಿಸ್ಕೋತೀರಾ?"

"ಪಿಂಚಣಿಗಲ್ಲ ಕಣವ್ವ" ಎನ್ನುತ್ತಾರೆ ದಾಕ್ಷಾಯಣಮ್ಮ, ಕಡತ ಜೋಡಿಸುತ್ತ. "ನೀವೆಲ್ಲ ಉಟ್ಟಿದ್ ದಿನ ಬೆಳಗ್ಗೆ ಎದ್ದು ತಲೆಗೆ ನೀರುಯ್ಕೊಂಡು ಒಸ ಬಟ್ಟೆ ಆಕ್ಕಂಡ್ ಬತ್ತೀರಲ್ಲ. ಅಂಗೆ. ವರ್ಸಕ್ಕೆ ಒಂದಿನ ಎದ್ದು, ಇದು ನನ್ ದಿನ, ಇವತ್ತು ನಮ್ಮವ್ವ ಕಣದಿಂದ ಎದ್ ಬಂದಿದ್ಲು ಅಂತ ಅನ್ಕೋಬೇಕು. ಅಷ್ಟೇಯ."

ಕಳೆದ ತಿಂಗಳು ಅವರು ಮತ್ತೆ ಹಳ್ಳಿಮೈಸೂರಿಗೆ ಹೋಗಿಬಂದರು. ಪುಸ್ತಕದಲ್ಲಿ ಇಬ್ಬರು ರುದ್ರಯ್ಯರಿದ್ದಾರೆ ಎಂದು ತಾಯಿಯ ಕಿವಿಗೆ ಬಾಯಿ ಇಟ್ಟು ಕೂಗಿದರು. ನೀಲಾಂಬಿಕೆಯ ಮುಖ ಅರಳಿತು. "ಊಂ, ಬೀದಿ ಕೊನೇಲಿ ಇನ್ನೊಬ್ಬ ರುದ್ರಯ್ಯ ಇದ್ದ, ಬೆಲ್ಲದಂಗಡಿಯೋನು. ಅವ್ನ ಎಂಡ್ತೀಗೂ ನಂಗೂ ಒಟ್ಗೇ ದಿನ ತುಂಬಿದ್ವು. ಒಂದೇ ಕಲ್ಲಿನ ಮ್ಯಾಲೆ ಕೂತ್ಕಂಡು ಬಿಸ್ಲು ಕಾಯಿಸ್ತಿದ್ವಿ. ಅವ್ಳೂ ಎಣ್ ಮಗೀನೇ ಎತ್ಲು." ಯಾರು ಮೊದಲು ಎಂಬುದು ಮುದುಕಿಗೆ ನೆನಪಿಲ್ಲ. ಅಂಗಡಿಯವರು ಮೂರು ವರ್ಷದೊಳಗೆ ಅರಕಲಗೂಡು ಕಡೆಗೆ ಹೊರಟುಹೋದರು. ಮಗುವಿನ ಹೆಸರು? "ಕೂಸು ಅಂತಿದ್ರು. ಎಸ್ರು ಏನಿಟ್ರೋ ಕಾಣೆ."

ಆವತ್ತಿನಿಂದ ದಾಕ್ಷಾಯಣಮ್ಮನವರ ಹುಡುಕಾಟ ದಿಕ್ಕು ಬದಲಿಸಿದೆ. ಅರಕಲಗೂಡಿನಿಂದ ಯಾರೇ ಕಚೇರಿಗೆ ಬರಲಿ, ಕೆಲಸ ಮುಗಿಸಿ ಹೊರಡುವ ಮುನ್ನ ಅವರಿಗೊಂದು ಪ್ರಶ್ನೆ ಇರುತ್ತದೆ: ಹಳ್ಳಿಮೈಸೂರಿಂದ ಬಂದ ಬೆಲ್ಲದಂಗಡಿ ರುದ್ರಯ್ಯನ ಮಗಳು, ಅರವತ್ತರ ಹೆಂಗಸು, ಗೊತ್ತಾ? ಇದುವರೆಗೆ ನಾಲ್ವರು ಬೆಲ್ಲದಂಗಡಿ ರುದ್ರಯ್ಯರು ಸಿಕ್ಕಿದ್ದಾರೆ. ಮೂವರಿಗೆ ಗಂಡುಮಕ್ಕಳು, ಒಬ್ಬರಿಗೆ ಇನ್ನೂ ಮದುವೆಯಾಗಿಲ್ಲ.

ಬಾಕಿ ಇರುವ ಇನ್ನೂರ ಹದಿಮೂರು ಹೆಸರನ್ನು ಮೇ ಮೂವತ್ತೊಂದರೊಳಗೆ ಮುಗಿಸಬೇಕು. ಮಾರನೆಯ ದಿನ ಅರಕಲಗೂಡಿನ ಬಸ್ಸು ಹತ್ತಬೇಕು. ಒಂದು ಊರಲ್ಲ, ಸುತ್ತಲಿನ ಹಳ್ಳಿಗಳನ್ನೂ ಹಿಡಿದರೆ ಅದು ಎಷ್ಟು ಮನೆಯಾಗುತ್ತದೆ ಎಂದು ಅವರಿಗೆ ಗೊತ್ತು. ದಿನಕ್ಕೆ ಹನ್ನೆರಡರ ಲೆಕ್ಕ ಅವರದು. ಆಕೆ ಬದುಕಿದ್ದಾಳೋ ಇಲ್ಲವೋ ಎಂದು ಕೇಳಿದರೆ, "ಇರ್ತಾಳೆ. ನಾನಿಲ್ವಾ?" ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಳ್ಳುತ್ತಾರೆ.

ಸಿಕ್ಕರೆ ಏನು ಮಾಡುತ್ತೀರಿ?

ಪೆನ್ನಿನ ದಾರವನ್ನು ಬೆರಳಿಗೆ ಸುತ್ತುತ್ತ ಅವರು ಹೊರಗಿನ ಬಿಸಿಲಿನತ್ತ ನೋಡುತ್ತಾರೆ. "ಮದ್ಲು ಹೆಸ್ರು ಕೇಳ್ತೀನಿ. ಆಮೇಲೆ ಆರು, ಇಪ್ಪತ್ತೆಂಟು, ಎಲ್ಡೂ ಅವ್ಳ ಮುಂದೆ ಇಕ್ತೀನಿ. ಅವ್ಳಿಗ್ ಗೊತ್ತಿದ್ರೆ ಸರಿ, ಗೊತ್ತಿಲ್ದಿದ್ರೆ ನೀನೇ ಆರಸ್ಕಳವ್ವ ಅಂತೀನಿ. ಅವ್ಳು ಬಿಟ್ಟಿದ್ದು ನಂಗಿರ್ಲಿ."