ಮೂರರಾಗ ಒಂದು ಪಾಲು ಕುರಿ

ಗೆಳೆಯರೇ, ಇವತ್ತು ಸಂತಪುರದ ಹತ್ತಿರದ ನಮ್ಮ ಸರ್ಕಾರಿ ಶಾಲೆಯಲ್ಲಿ, ಮುಖ್ಯ ಶಿಕ್ಷಕಿಯಾದ ನಾನು, ಹೇಳಲೇಬೇಕಾದ ಮಾತೊಂದನ್ನು ಹೇಳಲಾರದೆ ಕುಳಿತಿದ್ದೆ. ಸರ್ಕಾರ ಈ ವರ್ಷ ಗಣಿತಕ್ಕೆ ಕೊಟ್ಟದ್ದು ಒಂದೇ ಅತಿಥಿ ಶಿಕ್ಷಕ ಹುದ್ದೆ. ಕಳೆದ ವರ್ಷ ಆ ಹುದ್ದೆಯಲ್ಲಿದ್ದ ಕವಿತಾ, ಆದೇಶ ಬರುವ ಮೊದಲೇ, ಹಾಜರಿ ಪುಸ್ತಕದಲ್ಲಿ ಸಹಿಯೂ ಇಲ್ಲದೆ, ಎರಡು ವಾರದಿಂದ ಪಾಠ ಮಾಡುತ್ತಿದ್ದಾಳೆ. ಆದರೆ ಅಂಕಗಳ ಪ್ರಕಾರ ಹುದ್ದೆ ಅರ್ಜಿ ಹಾಕಿದ ಭಾಲ್ಕಿಯ ಹುಡುಗಿಗೆ; ಅದನ್ನೇ ನಾನು ಕವಿತಾಗೆ ಹೇಳಬೇಕಿತ್ತು. ಭಾಲ್ಕಿಯವಳು ಆಗಲೇ ಬಂದು ನನ್ನ ಕೋಣೆಯ ಕಿಟಕಿಯ ಬಳಿ ನಿಂತಿದ್ದಳು.

ಹೊರಗೆ ಅಂಗಳದಲ್ಲಿ ಕವಿತಾ ಮಕ್ಕಳನ್ನೇ ಕುರಿ ಮಾಡಿ ಭಿನ್ನರಾಶಿ ಕಲಿಸುತ್ತಿದ್ದಳು. "ಮೂರರಾಗ ಒಂದು ಪಾಲು ಕುರಿ ನೀರಿಗಿ ಹೋಗ್ರಿ!"

ಕುರಿ ಸಾಕುವ ಮನೆಯ ಹುಡುಗಿ ತಡೆದಳು. "ಸುಳ್ಳ್ ಲೆಕ್ಕ ಅದರಿ ಟೀಚರ್. ಒಂದು ಹೋದ್ರ ಎಲ್ಲಾ ಹೋಗ್ತಾವ್ರಿ!"

ಇಡೀ ತರಗತಿ ಬ್ಯಾ ಎನ್ನುತ್ತ ನಲ್ಲಿಗೆ ಓಡಿತು.

"ಹಂಗಾದ್ರ ಈಗ ಎಷ್ಟು ಪಾಲು ಹೋದ್ವು?" ಕವಿತಾ ಕೂಗಿದಳು.

"ಮೂರರಾಗ ಮೂರೂ!" ಎಂದವು ಕುರಿಗಳು.

ಭಾಲ್ಕಿಯ ಹುಡುಗಿ ನಗುತ್ತಲೇ ತಿರುಗಿದಳು. "ನನ್ನ ಅರ್ಜಿ ವಾಪಸ್ ಕೊಡ್ರಿ ಮೇಡಂ. ಔರಾದದಾಗ ಇನ್ನೊಂದು ಸಾಲ್ಯಾಗ ಜಾಗಾ ಖಾಲಿ ಅದಂತ. ಈ ಅಕ್ಕನ ಜಾಗಾದಾಗ ನಾ ಹ್ಯಾಂಗ ನಿಲ್ಲಲಿ?"

ಕಾಯಂ ನೌಕರಿಯ ನಾನು ಬೀದರಿಗೆ ವರ್ಗಾವಣೆ ಕೇಳಿ ಬರೆದ ಅರ್ಜಿಯೂ ಮೇಜಿನ ಮೇಲೆ ಅವಳ ಅರ್ಜಿಯ ಪಕ್ಕದಲ್ಲೇ ಇತ್ತು. ಅವಳದನ್ನು ಅವಳಿಗೆ ಕೊಟ್ಟು, ನನ್ನದನ್ನು ಕಳಿಸದೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಕುರಿಗಳ ಲೆಕ್ಕವೇ ಸರಿ. ಒಂದು ಹೋದರೆ ಎಲ್ಲಾ ಹೋಗುತ್ತವೆ.