ಖಾಲಿಯಾದ ಮೇಲೂ ಹಾರಿದ್ದು

ಬ್ಯಾಟರಿಯ ವಿಷಯದಲ್ಲಿ ನಾನು ಪವಾಡ ನಂಬಿದವಳಲ್ಲ. ಬೇರೆ ವಿಷಯಗಳಲ್ಲೂ ನಂಬಿದವಳಲ್ಲ ಎನ್ನಿ. ಹೊನ್ನಾಳಿಯ ನಮ್ಮ ಮನೆಯಲ್ಲಿ ಸೋದರತ್ತೆ ಹೇಳುತ್ತಿದ್ದ ಅದು ಕಂಡಿತು, ಇದು ಕೇಳಿಸಿತು ಎಂಬ ಕಥೆಗಳಿಗೆ ಚಿಕ್ಕಂದಿನಿಂದಲೂ ನಗುತ್ತಿದ್ದೆ. ಮುಂದೆ ಓದಿದ್ದು ಎಲೆಕ್ಟ್ರಿಕಲ್, ಹಿಡಿದದ್ದು ಬ್ಯಾಟರಿ ಕೆಲಸ. ಬ್ಯಾಟರಿಗೆ ನೀವು ಎಷ್ಟು ತುಂಬುತ್ತೀರೋ ಅದಕ್ಕಿಂತ ಒಂದಿಷ್ಟು ಕಡಿಮೆಯೇ ಅದು ವಾಪಸ್ ಕೊಡುತ್ತದೆ. ಹೆಚ್ಚು ಕೊಡುವ ಬ್ಯಾಟರಿ ಪ್ರಪಂಚದಲ್ಲಿಲ್ಲ. ಈಗ ನಾನು ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಮೀಟರು ಕೆಟ್ಟಿರಬೇಕು ಎಂದು ಮಾತು ಮುಗಿಸುತ್ತಿದ್ದೆ. ನೀವೂ ಹಾಗೆ ಅಂದುಕೊಂಡರೆ ನನಗೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ರುದ್ರೇಶ್ ಸರ್ ಮತ್ತು ನಾನು ಸೇರಿ ಒಂದು ಡ್ರೋನ್ ಮಾಡುತ್ತಿದ್ದೆವು. ಅವರು ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ರೆಕ್ಕೆ, ಮೋಟಾರು ಅವರದು, ಬ್ಯಾಟರಿ ನನ್ನದು. ಮದುವೆಯ ಫೋಟೊ ತೆಗೆದು ಇಪ್ಪತ್ತು ನಿಮಿಷಕ್ಕೆ ಇಳಿಯುವ ಡ್ರೋನ್ ಅದಲ್ಲ. ಪುಟ್ಟ ವಿಮಾನದ ಹಾಗೆ ರೆಕ್ಕೆ ಚಾಚಿಕೊಂಡು, ಗಂಟೆಗಟ್ಟಲೆ ಮೇಲೆಯೇ ಇದ್ದು, ಕಾಡಿಗೆ ಬಿದ್ದ ಬೆಂಕಿಯನ್ನೋ ಒಡೆದ ನಾಲೆಯನ್ನೋ ದಾರಿ ತಪ್ಪಿದವರನ್ನೋ ನೋಡಿ ತಿಳಿಸಬೇಕಾದದ್ದು. ಮೂರು ವರ್ಷ ಹೆಣಗಿ ಏಳು ಗಂಟೆಯವರೆಗೆ ತಂದಿದ್ದೆವು. ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಮುಂದಿನ ವಾರವೇ ಅದನ್ನು ಕೊಳ್ಳಲಿದ್ದ ಸರ್ಕಾರಿ ಇಲಾಖೆಯವರ ಎದುರು ಹಾರಿಸಿ ತೋರಿಸುವುದಿತ್ತು. ಇದ್ದದ್ದು ಒಂದೇ ಯಂತ್ರ. ಎರಡನೇ ಬ್ಯಾಟರಿ ಊದಿಕೊಂಡಿತ್ತೆಂದು ನಾನೇ ತೆಗೆದಿಟ್ಟಿದ್ದೆ.

ಡಿಸೆಂಬರಿನ ಒಂದು ಬೆಳಗ್ಗೆ ಒಂಬತ್ತೂವರೆಗೆ ಸೂಳೆಕೆರೆಯ ದಂಡೆಯ ಖಾಲಿ ಹೊಲದಿಂದ ಅದನ್ನು ಪರೀಕ್ಷೆಗೆಂದು ಹಾರಿಸಿದೆವು. ಟಾರ್ಪಾಲಿನ ಕೆಳಗೆ ಒಂದು ಮೇಜು, ಎರಡು ಪರದೆ. ಹನ್ನೊಂದರ ಹೊತ್ತಿಗೆ ಕೆರೆ ಕಡೆಯಿಂದ ಮೂರ್ನಾಲ್ಕು ಜನ ಓಡಿ ಬಂದರು. ಹನುಮಂತಪ್ಪ ಎಂಬ ಮೀನುಗಾರ ನಸುಕಿನಲ್ಲಿ ಬಲೆ ಎತ್ತಲು ಹೋದವನು ಬಂದಿರಲಿಲ್ಲ. ಅವನ ತೆಪ್ಪ ಮಾತ್ರ ತೇಲಿಕೊಂಡು ಬಂದಿತ್ತು. ಅವರಲ್ಲಿ ಒಬ್ಬಳು ಅವನ ಹೆಂಡತಿ ದುರುಗಮ್ಮ.

“ಮ್ಯಾಲೆ ಹಾರ್ತೈತಲ್ಲ, ಅದ್ರಾಗೆ ಕೆರೆ ಕಾಣತೈತೇನ್ರೀ?” ಎಂದಳು.

ಕಾಣುತ್ತದೆ ಎಂದೆವು. ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು ಡ್ರೋನನ್ನು ನೀರಿನ ಮೇಲೆ ತಿರುಗಿಸಿದೆವು. ಪೊಲೀಸರಿಗೂ ಅಗ್ನಿಶಾಮಕದವರಿಗೂ ಸುದ್ದಿ ಹೋಯಿತು. ಹನುಮಂತಪ್ಪನ ತಮ್ಮ ನಾಗರಾಜ ಫೋನು ಕಿವಿಗಿಟ್ಟುಕೊಂಡು ದೋಣಿಯಲ್ಲಿ ಹೊರಟ.

ಆ ಕೆರೆಯನ್ನು ನೋಡಿದವರಿಗೆ ಗೊತ್ತು, ಆಚೆ ದಡ ಕಣ್ಣಿಗೆ ನಿಲುಕುವುದಿಲ್ಲ. ಬಯಲು ನೀರನ್ನು ಎರಡು ಗಂಟೆಯಲ್ಲಿ ನೋಡಿ ಮುಗಿಸಿದೆವು. ಉಳಿದದ್ದು ಅಂಚಿನ ಜೊಂಡು. ಆಳೆತ್ತರದ ಹುಲ್ಲಿನೊಳಗೆ ಮನುಷ್ಯ ಬಿದ್ದಿದ್ದರೆ ಮೇಲಿನಿಂದ ಕಾಣುವುದಿಲ್ಲ. ಆದರೂ ಎಲ್ಲಾದರೂ ಕೈ ಬೀಸಿಯಾನು ಎಂಬ ಆಸೆಗೆ ಯಂತ್ರವನ್ನು ಇಳಿಸದೆ ಅದರ ಮೇಲೆಯೇ ಸುತ್ತಿಸುತ್ತಿದ್ದೆವು. ಬಿಸಿಯನ್ನು ಗುರುತಿಸುವ ಕ್ಯಾಮೆರಾ ಒಂದಿತ್ತು, ನಿಜ. ಆದರೆ ಮಧ್ಯಾಹ್ನದ ಬಿಸಿಲಿಗೆ ಜೊಂಡು, ಕಲ್ಲು, ಮಣ್ಣು ಎಲ್ಲವೂ ಕಾದು ಪರದೆ ತುಂಬಾ ಬೆಳ್ಳಗೆ ಕಾಣುತ್ತಿದ್ದವು. ಸೂರ್ಯ ಗುಡ್ಡದ ಹಿಂದೆ ಹೋಗಿ ಹುಲ್ಲು ತಣ್ಣಗಾದಮೇಲೆಯೇ ಅದರಲ್ಲಿ ಮೈಯ ಬಿಸಿ ಬೇರೆಯಾಗಿ ತೋರುತ್ತದೆ. ಅದಕ್ಕೆ ಐದೂವರೆಯಾದರೂ ಆಗಬೇಕು. ನನ್ನ ಬ್ಯಾಟರಿ ನಾಲ್ಕೂವರೆಗೆ ಮುಗಿಯುತ್ತದೆ. ಇಳಿಸಿ ಮತ್ತೆ ತುಂಬಲು ನಾಲ್ಕು ಗಂಟೆ ಬೇಕು. ಅಷ್ಟರಲ್ಲಿ ಕತ್ತಲು, ಚಳಿ. ನೀರಿನಲ್ಲಿ ನೆನೆದ ಮೈ ಅಲ್ಲಿಯವರೆಗೆ ತಡೆಯುವುದು ಕಷ್ಟ.

ನಾಲ್ಕು ಗಂಟೆ ಹದಿನೈದು ನಿಮಿಷಕ್ಕೆ ರುದ್ರೇಶ್ ಸರ್, “ಇಳಿಸಮ್ಮ” ಎಂದರು.

“ಇನ್ನೊಂದು ಗಂಟೆ ಸಿಕ್ಕರೆ ಜೊಂಡು ತಣ್ಣಗಾಗುತ್ತೆ ಸರ್.”

“ಒಂದು ಗಂಟೆ ಎಲ್ಲಿದೆ? ನಿನ್ನ ಬ್ಯಾಟರಿ, ನೀನೇ ಹೇಳು.”

ನಾನು ಪರದೆಯ ಮೂಲೆಯಲ್ಲಿ ಇಳಿಯುತ್ತಿದ್ದ ಬ್ಯಾಟರಿಯ ಅಂಕಿ ನೋಡಿದೆ. ದುರುಗಮ್ಮ ಬೆಳಗಿನಿಂದ ಕೂತಿರಲಿಲ್ಲ, ಅತ್ತಿರಲೂ ಇಲ್ಲ. ನಮ್ಮ ಮಾತು ಎಷ್ಟು ಅರ್ಥವಾಯಿತೋ, ಮೆಲ್ಲಗೆ ಕೇಳಿದಳು. “ಅದು ನೀರಿಗೆ ಬಿದ್ರೆ ನಿಮಗೆ ಬಾಳ ಲುಕ್ಸಾನು ಆಗತೈತೇನ್ರೀ?”

“ಹೌದು” ಎಂದೆ.

“ಹಂಗಾದ್ರೆ ಅದು ಮ್ಯಾಲೇ ಇರ್ಲಿ ಅಂತ ನಾನು ಹೇಳಾಕೆ ಬರಲ್ಲ ಬಿಡ್ರಿ.”

ಬೇಡಿಕೊಂಡಿದ್ದರೆ ಬಹುಶಃ ನಾನು ಇಳಿಸಿಬಿಡುತ್ತಿದ್ದೆ. ಆ ಮಾತಿನ ಮೇಲೆ ಇಳಿಸಲು ಕೈ ಬರಲಿಲ್ಲ. ರುದ್ರೇಶ್ ಸರ್ ನನ್ನ ಮುಖ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು, “ನಿನ್ನಿಷ್ಟ” ಎಂದರು.

ನಾಲ್ಕೂವರೆಗೆ ಸರಿಯಾಗಿ ಪರದೆಯ ಮೇಲೆ ಸೊನ್ನೆ ಬಂತು. ಸೊನ್ನೆ ಬಂದರೆ ಏನಾಗುತ್ತದೆಂದು ಹೇಳಬೇಕು. ಬ್ಯಾಟರಿಯನ್ನು ಕಾಪಾಡುವ ಒಂದು ಸಣ್ಣ ಸರ್ಕ್ಯೂಟ್ ತಾನಾಗಿಯೇ ಸಂಪರ್ಕ ಕಡಿಯುತ್ತದೆ. ಅದನ್ನು ಕೂರಿಸಿದವಳು ನಾನೇ. ಮೋಟಾರು ನಿಲ್ಲುತ್ತದೆ, ಯಂತ್ರ ಇಳಿಯತೊಡಗುತ್ತದೆ. ನಾನು ಎರಡೂ ಕೈ ಮೇಜಿನ ಮೇಲಿಟ್ಟು ಕಾದೆ. ಒಂದು ನಿಮಿಷ. ಐದು ನಿಮಿಷ. ಮೋಟಾರು ತಿರುಗುತ್ತಲೇ ಇತ್ತು. ಎತ್ತರ ಒಂದು ಅಡಿ ಕೂಡ ಇಳಿದಿರಲಿಲ್ಲ.

ಹತ್ತು ನಿಮಿಷವಾದ ಮೇಲೆ ರುದ್ರೇಶ್ ಸರ್ ಎದ್ದು ಟಾರ್ಪಾಲಿನಿಂದ ಹೊರಗೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು ಆಕಾಶ ನೋಡುತ್ತಾ ನಿಂತರು. ದುರುಗಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೂಲೆಯಲ್ಲಿದ್ದ ಆ ಸೊನ್ನೆ ಅವಳಿಗೆ ಏನೂ ಅಲ್ಲ, ಅವಳು ಗಂಡನನ್ನು ಹುಡುಕುತ್ತಿದ್ದಳು. ಆಗಬಾರದ್ದು ಆಗುತ್ತಿದೆ ಎಂಬುದು ಆ ಹೊಲದಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನನಗೆ ಭಯವಾಗಲಿಲ್ಲ. ಜೋರಾಗಿ ಉಸಿರು ಬಿಟ್ಟರೆ ಅದು ನಿಂತುಹೋದೀತು ಎನ್ನಿಸುತ್ತಿತ್ತು, ಅಷ್ಟೆ.

ಐದು ಗಂಟೆ ಮೂವತ್ತೈದು ನಿಮಿಷಕ್ಕೆ ಕಪ್ಪಾಗಿದ್ದ ಜೊಂಡಿನ ನಡುವೆ ಒಂದು ಬಿಳಿ ಚುಕ್ಕೆ ಕಂಡಿತು. “ಅಲ್ಲಿ” ಎಂದು ದುರುಗಮ್ಮ ಪರದೆಗೆ ಬೆರಳು ಒತ್ತಿಹಿಡಿದಳು. ನಾನು ನಾಗರಾಜನಿಗೆ ಫೋನಿನಲ್ಲಿ ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳಿದೆ. ಹುಲ್ಲಿನೊಳಗೆ ದೋಣಿ ನುಗ್ಗುವ ಸದ್ದು ಕೇಳಿಸಿತು, ಆಮೇಲೆ ಅವನ ದನಿ. “ಸಿಕ್ಕ. ಉಸಿರು ಐತೆ ಮೇಡಂ, ಉಸಿರು ಐತೆ.” ತಲೆ ಸುತ್ತಿ ನೀರಿಗೆ ಬಿದ್ದವನು ಕಾಲಿಗೆ ಬಲೆಯ ಹಗ್ಗ ಸುತ್ತಿಕೊಂಡು, ಜೊಂಡಿನ ಬುಡ ಹಿಡಿದು ಸೊಂಟದವರೆಗೆ ನೀರಿನಲ್ಲಿಯೇ ಇದ್ದ. ಚನ್ನಗಿರಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಮನೆಗೆ ಬಂದ.

ದೋಣಿ ದಡಕ್ಕೆ ಬಂದ ಮೇಲೆ ಯಂತ್ರವನ್ನು ಹೊಲಕ್ಕೆ ಇಳಿಸಿದೆ. ಎಂದಿನ ಹಾಗೇ ನೆಟ್ಟಗೆ ಇಳಿಯಿತು. ಗಂಟೆಗಟ್ಟಲೆ ಹಾರಿ ಬಂದ ಬ್ಯಾಟರಿ ಕೈ ಇಡಲಾಗದಷ್ಟು ಬಿಸಿಯಿರುತ್ತದೆ. ಅವತ್ತು ತಣ್ಣಗಿತ್ತು.

ಇಲಾಖೆಯವರಿಗೆ ಹಾರಿಸಿ ತೋರಿಸಿದ್ದು ಬಿಟ್ಟರೆ ಒಂದು ತಿಂಗಳು ನಾನು ಬೇರೆ ಕೆಲಸ ಮಾಡಲಿಲ್ಲ. ಮೀಟರು ಬದಲಿಸಿ ನೋಡಿದೆ, ಮೀಟರು ಸರಿಯಿತ್ತು. ಬ್ಯಾಟರಿಯನ್ನು ಮತ್ತೆ ತುಂಬಿದರೆ ಖಾಲಿ ಬ್ಯಾಟರಿ ಎಷ್ಟು ಹಿಡಿಯಬೇಕೋ ಅಷ್ಟೇ ಹಿಡಿಯಿತು. ಸರ್ಕ್ಯೂಟನ್ನು ಹತ್ತು ಸಲ ಪರೀಕ್ಷಿಸಿದೆ, ಹತ್ತು ಸಲವೂ ಸೊನ್ನೆಗೆ ಕಡಿಯಿತು. ಗುಡ್ಡಕ್ಕೆ ಬಡಿದು ಮೇಲೇಳುವ ಗಾಳಿಯಲ್ಲಿ ಹದ್ದು ರೆಕ್ಕೆ ಬಡಿಯದೆ ತೇಲುವುದಿಲ್ಲವೇ, ಹಾಗೇನಾದರೂ ಆಗಿರಬಹುದೇ ಎಂದು ರುದ್ರೇಶ್ ಸರ್ ಕೇಳಿದರು. ಆದರೆ ಆ ಸಂಜೆ ಗಾಳಿಯೇ ಇರಲಿಲ್ಲ, ಮೋಟಾರು ಉದ್ದಕ್ಕೂ ಎಂದಿನಷ್ಟೇ ವಿದ್ಯುತ್ ಎಳೆದದ್ದು ದಾಖಲೆಯಲ್ಲಿದೆ. ಎಲ್ಲಿಂದ ಎಳೆಯಿತು ಎಂಬುದು ಮಾತ್ರ ಇಲ್ಲ.

ಇಲಾಖೆಯ ಅರ್ಜಿಯಲ್ಲಿ ಅತಿ ಹೆಚ್ಚು ಹಾರಾಟದ ಅವಧಿ ಎಷ್ಟು ಎಂಬ ಪ್ರಶ್ನೆಯಿತ್ತು. ದಾಖಲೆ ಕೈಯಲ್ಲಿದೆ, ಎಂಟು ಗಂಟೆಗೂ ಮೇಲೆ ಎಂದು ಬರೆದರೆ ಸುಳ್ಳಾಗುವುದಿಲ್ಲ. ರುದ್ರೇಶ್ ಸರ್, “ಮತ್ತೆ ಮಾಡಿ ತೋರಿಸಾಕೆ ಆಗದೇ ಇರೋದನ್ನ ಬರೀಬಾರದಮ್ಮ” ಎಂದರು. ಏಳು ಎಂದು ಬರೆದೆವು.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಒಳ್ಳೆಯ ನೆನಪಾಗಿ ಉಳಿಯುತ್ತಿತ್ತು. ಹೋದ ಬೇಸಿಗೆಯಲ್ಲಿ ಜಗಳೂರು ಕಡೆಯ ಕುರುಚಲು ಕಾಡಿನಲ್ಲಿ ಕುರಿ ಹುಡುಕಿಕೊಂಡು ಹೋದ ಒಬ್ಬರು ಕಾಣೆಯಾಗಿ, ಪೊಲೀಸರೇ ನಮ್ಮನ್ನು ಕರೆಸಿದರು. ಅವರ ಮಗಳು, ಕಾಲೇಜು ಓದುವ ಹುಡುಗಿ, ನನ್ನ ಪಕ್ಕದಲ್ಲಿ ನಿಂತಿದ್ದಳು. ಸಂಜೆ ಪರದೆಯ ಮೇಲೆ ಸೊನ್ನೆ ಬರುವ ಹೊತ್ತಾಯಿತು. ನಾನು ಇಳಿಸಲಿಲ್ಲ. ಯಾರಿಗೂ ಹೇಳದೆ, ಮನಸ್ಸಿನಲ್ಲಿ ಏನನ್ನೋ ಬೇಡಿಕೊಳ್ಳುತ್ತಾ ಕಾದೆ. ಸೊನ್ನೆ ಬಂದ ಕ್ಷಣಕ್ಕೇ ಮೋಟಾರು ನಿಂತಿತು. ಯಂತ್ರ ಜಾಲಿಯ ಪೊದೆಗೆ ಬಿದ್ದು ಎಡರೆಕ್ಕೆ ಮುರಿಯಿತು. ಆ ತಂದೆ ಮರುದಿನ ಬೆಳಗ್ಗೆ ಸಿಕ್ಕರು, ಜೀವ ಇರಲಿಲ್ಲ.

ಹಿಂದಿನ ಸಂಜೆ ಯಂತ್ರ ಬಿದ್ದಾಗ ಅದರ ಚೂರುಗಳನ್ನು ಆರಿಸಲು ಆ ಹುಡುಗಿಯೂ ಬಂದಿದ್ದಳು. ಮುಳ್ಳು ತರಚಿದ ಕೈಯಲ್ಲಿ ಮುರಿದ ರೆಕ್ಕೆ ಹಿಡಿದುಕೊಂಡು, “ಇದು ಇಷ್ಟೊತ್ತೇ ಹಾರಾದೇನ್ರೀ ಮೇಡಂ?” ಎಂದಳು.

“ಇಷ್ಟೇ ಕಣಮ್ಮ” ಎಂದೆ.

ಅವಳಿಗೆ ನಾನು ಹೇಳಿದ್ದು ನಿಜವೋ ಸುಳ್ಳೋ, ನನಗೆ ಈವತ್ತಿಗೂ ಗೊತ್ತಿಲ್ಲ.