ಬಳೆಗಾರ್ತಿ ಹಜೀರಾಬೀಯ ಅಂದಾಜು

ಹರಿಹರದ ಹಜೀರಾಬೀ ಬಳೆ ಮಾರುತ್ತಿದ್ದಳು ಎಂದರೆ ಅರ್ಧ ಹೇಳಿದ ಹಾಗೆ. ಬಳೆಯ ಮಲಾರ ಹೆಗಲಿಗೇರಿಸಿ ಹಳ್ಳಿ ಸುತ್ತುವ ಬಳೆಗಾರ್ತಿಗೆ ಎಂಥ ಮನೆಯಲ್ಲೂ ನಡುಮನೆಯವರೆಗೆ ದಾರಿಯುಂಟು. ಕೈ ಹಿಡಿದು ಬಳೆ ಏರಿಸುವಾಗ ಹೆಂಗಸರು ಹೇಳದೆ ಉಳಿಸುವ ಮಾತು ಕಡಿಮೆ. ಆ ಮಾತುಗಳಿಂದಲೇ ಅವಳು ಒಬ್ಬ ಮನುಷ್ಯನ ತಲೆ ಕಾಯುತ್ತಿದ್ದಳು.

ಆ ತಲೆ ಪಕ್ಕದ ಮನೆಯ ಹಾಲೇಶಪ್ಪನದು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಅವನ ದುಡಿಮೆ; ರಜೆ ಸಿಕ್ಕರೆ ಹಳ್ಳಿಗೆ ಹೊರಟ. ಕೇರಿಯ ಜನರನ್ನು ಹೊರಗೆ ನಿಲ್ಲಿಸಿ ತೆಂಗಿನ ಚಿಪ್ಪಿಗೆ ಚಹಾ ಹೊಯ್ಯುವ ಹೋಟೆಲಿಗೆ ಆ ಜನರನ್ನೇ ಕರೆದೊಯ್ದು, ಒಳಗೆ ಬೆಂಚಿನ ಮೇಲೆ ಕೂತು, ಊರವರ ಲೋಟದಲ್ಲೇ ಚಹಾ ಕೇಳುತ್ತಿದ್ದ. ಅದು ಅಪರಾಧವೆಂಬ ಕಾನೂನು ಬಂದು ಮೂರು ವರ್ಷವಾಗಿತ್ತು. ಹಳ್ಳಿಯ ಬಸ್ಸು ಮಾತ್ರ ಕಾನೂನಿಗೆ ಇನ್ನೂ ಸಿಕ್ಕಿರಲಿಲ್ಲ.

ಒಂದು ಸಲ ಅವನು ತಲೆಗೆ ಏಳು ಹೊಲಿಗೆ ಹಾಕಿಸಿಕೊಂಡು ಬಂದ. ಹಿಂದಿನ ದಿನವಷ್ಟೇ ಹಜೀರಾಬೀ ಅದೇ ಊರಿಗೆ ಹೋಗಿದ್ದಳು. ಅಲ್ಲಿ ಬಳೆಗೆ ಕೈಯೊಡ್ಡಿದವರೆಲ್ಲ ಮುದುಕಿಯರೇ. ದೊಡ್ಡ ಮನೆಗಳಲ್ಲಿ ಸೊಸೆಯರೂ ಇಲ್ಲ, ಮಕ್ಕಳೂ ಇಲ್ಲ. ಹೊಡೆದಾಟಕ್ಕೆ ನಿಂತವರು ಮೊದಲು ಸೊಸೆ-ಮಕ್ಕಳನ್ನು ಊರಾಚೆ ಸಾಗಿಸುತ್ತಾರೆ ಎಂದು ಅವಳಿಗೆ ಆಗ ಹೊಳೆಯಿತು. ಅಂದಿನಿಂದ ಹಾಲೇಶಪ್ಪನಿಗಿಂತ ಮುಂಚೆ ಅವಳ ಮಲಾರ ಊರು ಹೊಗುತ್ತಿತ್ತು.

ಭಾನುವಳ್ಳಿಯ ಆಚೆಗಿನ ಒಂದು ಹಳ್ಳಿಯಲ್ಲಿ ಗುರುವಾರ ಚಹಾ ಕುಡಿಯುವುದೆಂದು ನಿಶ್ಚಯವಾಯಿತು. ಸೋಮವಾರ ಹಜೀರಾಬೀ ಅಲ್ಲಿನ ಗೌಡರ ಮನೆಗೆ ಹೋದಳು. ಗೌಡರ ಸೊಸೆ ದ್ರಾಕ್ಷಾಯಣಮ್ಮ ಏಳು ತಿಂಗಳ ಚೊಚ್ಚಲ ಬಸುರಿ. ಬುಧವಾರ ಬಂಡಿ ಕಟ್ಟಿ ಅವಳನ್ನು ತವರಿಗೆ ಕಳಿಸುತ್ತಾರಂತೆ. ಬಳೆಶಾಸ್ತ್ರವನ್ನೂ ಮಾಡದೆ! ಸಂಜೆಯೇ ಹಜೀರಾಬೀ ಹಾಲೇಶಪ್ಪನ ಮನೆಗೆ ಓಡಿದಳು.

“ಗುರುವಾರ ಬ್ಯಾಡ ಹಾಲೇಶಣ್ಣ. ಬಳಿ ತೊಡಿಸದೆ ಬಸುರಿನ ಕಳಿಸ್ತಾರಂದ್ರೆ ಇದು ಸಣ್ಣ ಜಗಳ ಅಲ್ಲ.”

“ಈ ಸಲ ಹಿಂದೆ ಸರಿದ್ರೆ ಕೇರಿಯವರು ಮತ್ತೆ ಎದ್ದು ನಿಲ್ಲಲ್ಲ ಹಜೀರಕ್ಕ. ಏನಾರ ಆಗ್ಲಿ, ಹೋಗ್ತೀನಿ.”

“ನಿನ್ನ ತಲಿ ಏನು ಕುಂಬಾರನ ಗಡಿಗೇನಾ, ಒಡದ್ರೆ ಇನ್ನೊಂದು ತರಾಕೆ?”

ಬೈದಳು, ಕಣ್ಣೊರೆಸಿಕೊಂಡಳು, ಮಂಗಳವಾರ ಮತ್ತೆ ಮಲಾರ ಹೊತ್ತಳು. ಗೌಡರ ತಾಯಿ ಕೆಂಚಕ್ಕನ ಮುಂದೆ ಕೂತು, “ಬಳಿ ತೊಡಿಸದೆ ಚೊಚ್ಚಲ ಬಸುರಿನ ಕಳಿಸಿದ್ರೆ ಬೀಗರು ಏನಂದಾರ್ರೀ ಅವ್ವಾರ? ಗುರುವಾರ ಹಸಿರು ಬಳಿ ತರ್ತೀನಿ, ಬೀಗರನ್ನೂ ಕರೆಸ್ರಿ,” ಎಂದಳು. ಮುದುಕಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, “ಆಗ್ಲಿ, ಬಾ,” ಎಂದಳು. ಬೀಗರು ಕೂತಿರುವಾಗ ಯಾವ ಗೌಡನೂ ಬೀದಿಗಿಳಿಯಲಾರ ಎಂಬುದು ಹಜೀರಾಬೀಯ ಅಂದಾಜು.

ಗುರುವಾರ ಗೌಡರು ಮಡಿ ಪಂಚೆಯುಟ್ಟು, ಹಲ್ಲು ಕಡಿಯುತ್ತಲೇ ಬೀಗರಿಗೆ ನಗೆ ಬೀರುತ್ತಿದ್ದರು. ಹಜೀರಾಬೀ ಹಸಿರು ಬಳೆ ಏರಿಸುತ್ತಿದ್ದಳು. ಕಿವಿಯೆಲ್ಲ ಹೋಟೆಲಿನ ಕಡೆಗೆ. ಅಷ್ಟರಲ್ಲಿ ಆಳು ಬಕ್ಕೇಶಪ್ಪ ಓಡಿ ಬಂದ. “ಕುಡುದ್ರು ಗೌಡ್ರೇ! ಬೆಂಚಿನ ಮ್ಯಾಲೆ ಕುಂತು ಲೋಟದಾಗೇ ಕುಡುದ್ರು!”

ಬೀಗರಿದ್ದಾರೆ ಎಂಬುದೂ ಮರೆತುಹೋಗಿ ಗೌಡರು ಹಿತ್ತಲಿಗೆ ನುಗ್ಗಿದರು. ಅಂದಾಜು ಕೆಟ್ಟಿತು. ಹಜೀರಾಬೀ ಬಳೆ ಏರಿಸುವುದನ್ನು ಬಿಟ್ಟಳು. ಹಾಲೇಶಪ್ಪ ಸತ್ತ ಎಂದುಕೊಂಡಳು.

ಗೌಡರು ಬರಿಗೈಯಲ್ಲಿ ಮರಳಿದರು.

“ಅವ್ವಾ, ಹಿತ್ತಲಾಗೆ ಇಟ್ಟಿದ್ದ ದೊಣ್ಣಿಗಳು ಎಲ್ಲಿ?”

ಕೆಂಚಕ್ಕ ಬಸುರಿಯ ಮುಡಿಗೆ ಹೂ ಮುಡಿಸುತ್ತ ತಿರುಗಿಯೂ ನೋಡದೆ ಹೇಳಿದಳು: “ಬೀಗರಿಗೆ ಹೋಳಿಗಿ ಬೇಯಿಸಾಕೆ ಸೌದಿ ಸಾಲಲಿಲ್ಲಪ್ಪ. ಒಲಿಗೆ ಹಾಕಿದೆ. ಒಣಗಿದ್ವು, ಚಲೋ ಉರುದ್ವು.”

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡರು ಕೂತುಬಿಟ್ಟರು. ಊರಿನ ಅಪಾಯವನ್ನೆಲ್ಲ ಅಳೆದಿದ್ದ ಹಜೀರಾಬೀ ಈ ಒಬ್ಬ ಮುದುಕಿಯನ್ನು ಮಾತ್ರ ಅಳೆದಿರಲಿಲ್ಲ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಸಂಜೆ ಹರಿಹರದಲ್ಲಿ ಹಾಲೇಶಪ್ಪನ ಮುಂದೆ ಹೋಳಿಗೆಯ ಎಲೆಗಂಟು ಬಿಚ್ಚಿದಳು.

“ತಿನ್ನಣ್ಣ,” ಎಂದಳು, “ನಿನ್ನ ತಲಿ ಮ್ಯಾಲೆ ಬೀಳಬೇಕಾಗಿದ್ದು ಹೊಟ್ಟಿಗೆ ಬಂದೈತೆ.”